ಕಪ್ಪು ಫಿಲ್ಮು, ಕಪ್ಪು ಹಕ್ಕಳೆ

ಎಕ್ಸ್‌ರೇ ವರದಿಯ ಕೊನೆಯ ಸಾಲನ್ನು ಯಾರೂ ಓದುವುದಿಲ್ಲ. ಅದರ ಮೇಲಿನದನ್ನೆಲ್ಲ ಓದುತ್ತಾರೆ: ಎರಡೂ ಕಡೆ ಕೆಳಭಾಗದಲ್ಲಿ ಮಬ್ಬು, ಬಲೆಯಂಥ ಗೆರೆಗಳು, ನಿಮೋನೈಟಿಸ್ ಎಂಬ ಪದ, ಅದರ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಅದಾದ ಮೇಲೆ, ಸಹಿಗಿಂತ ತುಸು ಮೇಲೆ, ರೇಡಿಯಾಲಜಿಸ್ಟ್ ಬರೆದಿರುತ್ತಾರೆ: ಕ್ಲಿನಿಕಲ್ ಕೋರಿಲೇಶನ್ ಮಾಡಿಕೊಳ್ಳಿ. ಎಂದರೆ, ನಾನು ನೋಡಿದ್ದು ನೆರಳು ಮಾರಾಯರೇ, ಮನುಷ್ಯನನ್ನು ನೋಡುವ ಕೆಲಸ ನಿಮ್ಮದು ಎಂದು. ಆ ಪ್ರಶ್ನಾರ್ಥಕ ಚಿಹ್ನೆ ಎಕ್ಸ್‌ರೇ ಕೋಣೆಯಿಂದ ವಾರ್ಡಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. ವಾರ್ಡಿನಿಂದ ಮನೆಯವರ ಕಿವಿಗೆ ಬೀಳುವಾಗ ಅದು 'ಲಂಗ್ಸಿಗೆ ಇನ್‌ಫೆಕ್ಷನ್ ಆಗಿದೆ' ಎಂಬ ತೀರ್ಪಾಗಿರುತ್ತದೆ.

ಮಲೆನಾಡಿನ ಅಂಚಿನ ಒಂದು ತಾಲ್ಲೂಕಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಜ್ವರ ನೋಡಿಕೊಂಡು ಬಂದವನು ನಾನು. ಈ ತೀರ್ಪಿನ ಬಗ್ಗೆ ನನ್ನದೊಂದು ತಕರಾರಿದೆ. ಸ್ಕ್ರಬ್ ಟೈಫಸ್ ಎಂಬ ಜ್ವರದಲ್ಲಿ ಎದೆಯ ಚಿತ್ರ, ಅದು ಎಕ್ಸ್‌ರೇ ಇರಲಿ ಸಿಟಿ ಇರಲಿ, ರೋಗದ ಹೆಸರು ಹೇಳುವುದಿಲ್ಲ. ಹೇಳಲಾರದು. ಹೇಳಲಾರದ್ದರ ಬಾಯಿಂದ ನಾವು ಹೆಸರು ಹೇಳಿಸುತ್ತಿದ್ದೇವೆ. ಅದು ಹೇಳಿದ ತಪ್ಪು ಹೆಸರನ್ನು ನಂಬಿ, ಆ ರೋಗಕ್ಕೆ ಎಳ್ಳಷ್ಟೂ ತಾಗದ ಔಷಧಿಯನ್ನು ದಿನಕ್ಕೆರಡು ಸಲ ನರಕ್ಕೆ ಚುಚ್ಚುತ್ತಿದ್ದೇವೆ. ಜ್ವರ ಇಳಿಯದಿದ್ದರೆ ಇನ್ನೂ ದೊಡ್ಡ ಇಂಜೆಕ್ಷನ್ನು, ಇನ್ನೂ ದೊಡ್ಡ ಚಿತ್ರ.

ಪಾಠ ನಾನು ಕಲಿತದ್ದು ನನ್ನದೇ ತಪ್ಪಿನಿಂದ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನ ಅಕ್ಟೋಬರು. ಐವತ್ತರ ಆಸುಪಾಸಿನ ಹೆಂಗಸು, ತೋಟದಂಚಿನಲ್ಲಿ ದನಕ್ಕೆ ಹುಲ್ಲು ಕೊಯ್ಯುವವರು. ಎಂಟು ದಿನದ ಜ್ವರ, ತಲೆ ಒಡೆಯುವಂಥ ನೋವು, ಎರಡು ದಿನದಿಂದ ಕೆಮ್ಮು, ಮಾತಾಡಿದರೆ ಏದುಸಿರು. ಎಕ್ಸ್‌ರೇಯಲ್ಲಿ ಎರಡೂ ಕಡೆ ಮಬ್ಬು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ಇಲಿಜ್ವರದ ಪರೀಕ್ಷೆಯೂ ನೆಗೆಟಿವ್. ಸೆಫ್ಟ್ರಿಯಾಕ್ಸೋನ್ ಶುರು ಮಾಡಿದೆ. ಮೂರನೇ ದಿನಕ್ಕೆ ಜ್ವರ ಹಾಗೇ ಇತ್ತು, ಎಕ್ಸ್‌ರೇ ಇನ್ನೂ ಬಿಳಿಯಾಗಿತ್ತು. ಲಿವೋಫ್ಲಾಕ್ಸಾಸಿನ್ ಸೇರಿಸಿದೆ. ಆಮೇಲೆ ಪಿಪ್ಟಾಜ್. ಪ್ರತಿ ಬೆಳಿಗ್ಗೆ ಹೊಸ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಹಳೆಯದರ ಜೊತೆ ಹೋಲಿಸುತ್ತಿದ್ದೆ, ಪಂಚಾಂಗ ನೋಡುವವರ ಗಾಂಭೀರ್ಯದಲ್ಲಿ. ಐದನೇ ದಿನ ಸಂಜೆ ಆಕೆಯ ಮೈ ಒರೆಸುತ್ತಿದ್ದ ಆಯಾ ಬಂದು ಕೇಳಿದಳು: "ಸಾರ್, ಅವ್ರ ಸೊಂಟದ್ ಹತ್ರ ಸುಟ್ಟಿದ್ದಾ ಅದು? ಮುಲಾಮು ಹಚ್ಚದಾ?"

ಹೋಗಿ ನೋಡಿದೆ. ಲಂಗದ ಲಾಡಿ ಒತ್ತುವ ಜಾಗದಲ್ಲಿ, ಎಡಬದಿಗೆ, ಅರ್ಧ ಹುಣಸೆಬೀಜದಷ್ಟು ಅಗಲದ ಕಪ್ಪು ಹಕ್ಕಳೆ. ಸುತ್ತ ಕೆಂಪು ಅಂಚು. ಬೀಡಿಯ ಕೆಂಡ ಒತ್ತಿ ತೆಗೆದಂತಿತ್ತು. ನೋವಿಲ್ಲ, ತುರಿಕೆಯಿಲ್ಲ. ತೊಡೆಸಂದಿನಲ್ಲಿ ಕೈಗೆ ಸಿಗುವ ಗಡ್ಡೆ. "ಲಾಡಿ ಉಜ್ಜಿದ್ದು" ಎಂದು ಆಕೆ ಮಾಸ್ಕಿನೊಳಗಿಂದ ಹೇಳಿದರು. ಐದು ದಿನ ನಾನು ಆಕೆಯ ಎದೆಯ ಒಳಗನ್ನು ನೋಡಿದ್ದೆ, ಒಂದು ಗೇಣು ಕೆಳಗಿನ ಚರ್ಮವನ್ನು ನೋಡಿರಲಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟ ಎರಡನೆಯ ರಾತ್ರಿ ಜ್ವರ ಬಿಟ್ಟಿತು. ಹತ್ತು ಮಾತ್ರೆಯ ಆ ಪಟ್ಟಿಯ ಬೆಲೆಗೆ ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಊಟ ಬರುವುದಿಲ್ಲ.

ಈ ಜ್ವರವನ್ನು ತರುವುದು ಒರಿಯೆಂಟಿಯಾ ಸುಟ್ಸುಗಾಮುಶಿ ಎಂಬ ಬ್ಯಾಕ್ಟೀರಿಯಾ. ಹೊತ್ತು ತರುವುದು ಒಂದು ನುಸಿಯ ಮರಿ. ತೆಂಗಿನ ಕಾಯಿಗೆ ನುಸಿಪೀಡೆ ಬಂದು ರೈತರು ತಲೆಮೇಲೆ ಕೈಹೊತ್ತು ಕೂತ ಕಾಲ ನೆನಪಿರುವವರಿಗೆ ನುಸಿ ಅಂದರೆ ಏನೆಂದು ಗೊತ್ತು. ಇದು ಅದರ ದೂರದ ದಾಯಾದಿ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಕೇಸರಿ ಮಿಶ್ರಿತ ಕೆಂಪು. ಹುಲ್ಲಿನ ತುದಿಯಲ್ಲಿ, ಪೊದೆಯಲ್ಲಿ ಕಾದಿದ್ದು, ಇಲಿಯೋ ಮನುಷ್ಯನೋ ಸಿಕ್ಕರೆ ಹತ್ತಿಕೊಂಡು ಮೆತ್ತನೆಯ ಬೆಚ್ಚನೆಯ ಜಾಗ ಹುಡುಕುತ್ತದೆ. ಅದು ರಕ್ತ ಕುಡಿಯುವುದಿಲ್ಲ, ಚರ್ಮವನ್ನು ಕರಗಿಸಿ ಆ ರಸ ಹೀರುತ್ತದೆ. ಇಡೀ ಜನ್ಮದಲ್ಲಿ ಹೀಗೆ ಒಂದೇ ಒಂದು ಸಲ. ಬೆಳೆದ ಮೇಲೆ ಮಣ್ಣಿಗಿಳಿದು ಹುಳುಗಳ ಮೊಟ್ಟೆ ತಿಂದುಕೊಂಡು ಸಾಧುವಾಗಿ ಬಾಳುತ್ತದೆ. ಕಚ್ಚಿದ್ದು ಕಚ್ಚಿಸಿಕೊಂಡವರಿಗೆ ತಿಳಿಯುವುದೇ ಇಲ್ಲ. ವಾರ, ಹತ್ತು ದಿನ ಬಿಟ್ಟು ಜ್ವರ, ಕಚ್ಚಿದ ಜಾಗದಲ್ಲಿ ಆ ಕಪ್ಪು ಹಕ್ಕಳೆ.

ಜಪಾನಿನಲ್ಲಿ ಸುಟ್ಸುಗಾ ಅಂದರೆ ಕೇಡು, ಮುಶಿ ಅಂದರೆ ಹುಳ. ನದಿಯಂಚಿನ ಹೊಲಗಳಲ್ಲಿ ದುಡಿಯುವವರಿಗೆ ಬರುತ್ತಿದ್ದ ಈ ಜ್ವರವನ್ನು ಬೇಲ್ಟ್ಸ್ ಮತ್ತು ಕಾವಾಕಾಮಿ ಎಂಬ ವೈದ್ಯರು 'ಪ್ರವಾಹದ ಜ್ವರ' ಎಂದು ಕರೆದು ಐರೋಪ್ಯ ವೈದ್ಯಪತ್ರಿಕೆಯಲ್ಲಿ ವರ್ಣಿಸಿದ್ದು 1879ರಲ್ಲಿ. ರಾಂಟ್‌ಜೆನ್ ಎಕ್ಸ್‌ರೇ ಕಿರಣ ಕಂಡುಹಿಡಿದದ್ದು 1895ರಲ್ಲಿ. ಚಿತ್ರ ತೆಗೆಯುವ ಯಂತ್ರ ಹುಟ್ಟುವುದಕ್ಕೆ ಹದಿನಾರು ವರ್ಷ ಮೊದಲೇ ಬರಿಗಣ್ಣಿನ ವೈದ್ಯರು ಹಕ್ಕಳೆ, ಗಡ್ಡೆ, ಜ್ವರ ಎಂಬ ಗುರುತಿನಿಂದ ಹಿಡಿದಿದ್ದ ರೋಗ ಇದು. ನಮ್ಮ ಕೈಯಲ್ಲಿ ಸಿಟಿ ಯಂತ್ರ ಇದ್ದೂ ತಪ್ಪಿಸಿಕೊಳ್ಳುತ್ತಿದೆ. ಯಂತ್ರದ ತಪ್ಪೇನಿಲ್ಲ. ಯಂತ್ರ ಬಂದ ಮೇಲೆ ನಾವು ಬಟ್ಟೆ ಸರಿಸಿ ನೋಡುವುದನ್ನು ಬಿಟ್ಟೆವು.

ಇನ್ನು ಫಿಲ್ಮಿನಲ್ಲಿ ಕಾಣುವ ಬಿಳುಪು ಏನು? ಮಾಮೂಲಿ ನಿಮೋನಿಯಾದಲ್ಲಿ ಕ್ರಿಮಿ ಶ್ವಾಸಕೋಶದ ಗಾಳಿಗೂಡುಗಳೊಳಗೆ ಇಳಿದು ಅಲ್ಲಿ ಕೀವು ತುಂಬಿಸುತ್ತದೆ. ಒರಿಯೆಂಟಿಯಾ ಹಾಗೆ ಬರುವುದಿಲ್ಲ. ಅದು ರಕ್ತದಲ್ಲಿ ಬರುತ್ತದೆ, ಸಣ್ಣ ರಕ್ತನಾಳಗಳ ಒಳಪದರದ ಕೋಶಗಳೊಳಗೇ ಮನೆ ಮಾಡುತ್ತದೆ. ನಾಳ ಉರಿಯುತ್ತದೆ, ಒಸರುತ್ತದೆ. ಮಳೆಗಾಲದ ನಮ್ಮ ಮಣ್ಣಿನ ಮನೆಗಳನ್ನು ಕಂಡವರಿಗೆ ವ್ಯತ್ಯಾಸ ಸುಲಭವಾಗಿ ತಿಳಿದೀತು: ನಿಮೋನಿಯಾ ಎಂದರೆ ಕೋಣೆಯೊಳಗೆ ನೀರು ನಿಂತದ್ದು, ಸ್ಕ್ರಬ್ ಎಂದರೆ ಗೋಡೆಗೆ ತೇವ ಏರಿದ್ದು. ಶ್ವಾಸಕೋಶದ ಗೂಡುಗಳ ನಡುವಿನ ತೆಳುಗೋಡೆಗಳು ಒದ್ದೆಯಾಗಿ ದಪ್ಪಗಾಗುತ್ತವೆ. ಫಿಲ್ಮಿನಲ್ಲಿ ಬಲೆಯಂಥ ಗೆರೆ, ಸಣ್ಣ ಚುಕ್ಕಿ, ಅಂಚಿನಲ್ಲಿ ಅಡ್ಡಗೆರೆ. ಸಿಟಿ ತೆಗೆದರೆ ಗ್ರೌಂಡ್ ಗ್ಲಾಸ್, ಅಂದರೆ ಬಚ್ಚಲಮನೆಯ ಕಿಟಕಿಗೆ ಹಾಕುವ ಮಸುಕು ಗಾಜಿನಂಥ ಬಿಳುಪು. ಎದೆಗೂಡಿನ ಬುಡದಲ್ಲಿ ಒಂದಿಷ್ಟು ನೀರು. ಕೆಲವರಲ್ಲಿ ಗಡ್ಡೆಗಳ ಊತ.

ಇದಿಷ್ಟೂ ನಿಜವೇ, ಕೊರಿಯಾದ ರೇಡಿಯಾಲಜಿಸ್ಟರು ಇದನ್ನೆಲ್ಲ ಚೆನ್ನಾಗಿಯೇ ದಾಖಲಿಸಿದ್ದಾರೆ. ಆದರೆ ಗೋಡೆಗೆ ತೇವ ಏರಲು ಕಾರಣ ಒಂದೇ ಇರುತ್ತದೆಯೇ? ವೈರಸ್ಸಿನ ನಿಮೋನಿಯಾದಲ್ಲೂ ಹೀಗೇ. ಇಲಿಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತ ಒಸರಿದಾಗಲೂ ಹೀಗೇ. ಹೃದಯ ಸೋತಾಗಲೂ, ಡೆಂಗಿಯಲ್ಲಿ ಪ್ಲಾಸ್ಮಾ ಸೋರಿದ ಮೇಲೆ ಧಾರಾಳವಾಗಿ ಡ್ರಿಪ್ ಏರಿಸಿದಾಗಲೂ. ಚುಕ್ಕಿ ಜಾಸ್ತಿಯಿದ್ದರೆ ಮಿಲಿಯರಿ ಟಿಬಿಯಂತೆ ಕಂಡೀತು. ಜಗತ್ತಿನ ಅತಿ ಚುರುಕು ಕಣ್ಣಿನ ರೇಡಿಯಾಲಜಿಸ್ಟ್ ಕೂಡ ಈ ಫಿಲ್ಮುಗಳನ್ನು ಕಲಸಿ ಕೊಟ್ಟರೆ ಸ್ಕ್ರಬ್‌ನದು ಇದು ಎಂದು ಎತ್ತಿ ಕೊಡಲಾರರು. ಅದು ಅವರಿಗೆ ಗೊತ್ತು. ಆದ್ದರಿಂದಲೇ ಆ ಕೊನೆಯ ಸಾಲು.

ಅಂದಹಾಗೆ ಟೈಫಸ್ ಎಂಬ ಗ್ರೀಕ್ ಮೂಲದ ಪದಕ್ಕೇ ಹೊಗೆ, ಮಂಜು ಎಂದು ಅರ್ಥ; ಜ್ವರದಲ್ಲಿ ಮಂಕಾದ ಬುದ್ಧಿಗೆ ಅವರು ಇಟ್ಟ ಹೆಸರು. ಈಗ ಮಬ್ಬು ರೋಗಿಯ ತಲೆಯಿಂದ ಫಿಲ್ಮಿಗೆ, ಫಿಲ್ಮಿನಿಂದ ನಮ್ಮ ತಲೆಗೆ ದಾಟಿದೆ. ಇದೇ ಹೆಸರಿನ ದೆಸೆಯಿಂದ ಇನ್ನೊಂದು ತಾಪತ್ರಯ: 'ಟೈಫಸ್' ಎಂದರೆ ಮನೆಯವರು 'ಟೈಫಾಯ್ಡಾ?' ಎನ್ನುತ್ತಾರೆ, ವೈಡಲ್ ರಿಪೋರ್ಟಿನ ಚೀಟಿ ಹೊರಬರುತ್ತದೆ. ಅದು ಬೇರೆಯೇ ಪುರಾಣ, ಬಿಡಿ.

ಫಿಲ್ಮು ತೆಗೆಯುವುದನ್ನು ಹತ್ತಿರದಿಂದ ನೋಡಿದವರು ಅದಕ್ಕೆ ಇಷ್ಟು ಅಡ್ಡಬೀಳಲಾರರು. ನೂರಾ ಮೂರು ಡಿಗ್ರಿ ಜ್ವರದ ಅಜ್ಜಿಯನ್ನು ತಣ್ಣನೆಯ ಪ್ಲೇಟಿಗೆ ಎದೆ ಆನಿಸಿ ನಿಲ್ಲಿಸುತ್ತಾರೆ. ಕರಿಮಣಿ ಸರ ಬಿಚ್ಚಿಸಿ, ಕೈಯನ್ನು ಸೊಂಟಕ್ಕಿಟ್ಟು ಭುಜ ಮುಂದಕ್ಕೆ ತಳ್ಳಿಸಿ, "ಉಸಿರು ಎಳ್ಕೊಳಿ, ಹಿಡ್ಕೊಳಿ" ಎನ್ನುತ್ತಾರೆ. ಎಳೆದುಕೊಳ್ಳಲಾಗದ್ದಕ್ಕೇ ಆಕೆ ಆಸ್ಪತ್ರೆಗೆ ಬಂದದ್ದು. ಪೂರ್ತಿ ಉಸಿರೆಳೆದ ಫಿಲ್ಮಿನಲ್ಲಿ ವಪೆಯ ಮೇಲೆ ಬೆನ್ನಿನ ಕಡೆಯ ಒಂಬತ್ತು ಹತ್ತು ಪಕ್ಕೆಲುಬು ಎಣಿಸಬಹುದು. ಅಜ್ಜಿಯ ಫಿಲ್ಮಿನಲ್ಲಿ ಏಳು. ಶ್ವಾಸಕೋಶದ ಬುಡ ಮಡಿಚಿಕೊಂಡು ನಾಳಗಳೆಲ್ಲ ಒತ್ತೊತ್ತಾಗಿ, ಕೆಳಭಾಗ ತಂತಾನೇ ಬಿಳುಚುತ್ತದೆ. ಮಲಗಿಸಿ ತೆಗೆದರೆ ಹೃದಯ ಇದ್ದದ್ದಕ್ಕಿಂತ ಅಗಲ ಕಾಣುತ್ತದೆ. ಆ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ಹೊಡೆದು ಜಿಲ್ಲಾ ಕೇಂದ್ರದ ತಜ್ಞರಿಗೆ ವಾಟ್ಸಪ್ ಮಾಡುತ್ತೇವೆ. ಅವರು ಊಟದ ನಡುವೆ 'ಲೋವರ್ ಝೋನ್ ಹೇಝಿನೆಸ್' ಎಂದು ಉತ್ತರಿಸುತ್ತಾರೆ. ಚಿತ್ರ ಸುಳ್ಳು ಹೇಳುವುದಿಲ್ಲ ಅನ್ನುವವರಿಗೆ ನನ್ನ ಉತ್ತರ: ಹೇಳುತ್ತದೆ, ನಾವು ಹಾಗೆ ನಿಲ್ಲಿಸಿ ಹೇಳಿಸಿದರೆ.

ಸಿಟಿಯ ಮೋಹ 2021ರ ಬೇಸಿಗೆಯ ಬಳುವಳಿ. ಕೋವಿಡ್‌ನ ಎರಡನೇ ಅಲೆಯಲ್ಲಿ ಎಚ್‌ಆರ್‌ಸಿಟಿ ಎಂಬ ನಾಲ್ಕಕ್ಷರ ಮನೆಮಾತಾಯಿತು. ಇಪ್ಪತ್ತೈದಕ್ಕೆ ಎಷ್ಟು ಸ್ಕೋರು ಎಂದು ಎಸ್ಸೆಸ್ಸೆಲ್ಸಿ ಮಾರ್ಕ್ಸಿನಂತೆ ಜನ ವಿಚಾರಿಸಿಕೊಂಡರು. ಆ ಮೇ ತಿಂಗಳಲ್ಲಿ ದಿಲ್ಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ, ಒಂದು ಸಿಟಿ ಎಂದರೆ 300ರಿಂದ 400 ಎದೆಯ ಎಕ್ಸ್‌ರೇಗೆ ಸಮ, ಸುಮ್ಮಸುಮ್ಮನೆ ಮಾಡಿಸಬೇಡಿ ಎಂದರು. ರೇಡಿಯಾಲಜಿಸ್ಟರ ಸಂಘ, ಇಂದಿನ ಯಂತ್ರಗಳಲ್ಲಿ ಲೆಕ್ಕ ಅಷ್ಟಿಲ್ಲ ಎಂದು ತಿರುಗಿಬಿತ್ತು. ವಿಕಿರಣದ ಲೆಕ್ಕದಲ್ಲಿ ಸಂಘದವರ ಮಾತಿನಲ್ಲಿ ಹುರುಳಿತ್ತು ಅನ್ನೋಣ. ಆದರೆ ಆ ಜಗಳದಲ್ಲಿ ಮುಖ್ಯ ಪ್ರಶ್ನೆ ಕಳೆದುಹೋಯಿತು. ಸಿಟಿಯಿಂದ ಮೈಗೆ ಎಷ್ಟು ಹಾನಿ ಎಂಬುದಕ್ಕಿಂತ ಬುದ್ಧಿಗೆ ಎಷ್ಟು ಹಾನಿ ಎಂದು ಕೇಳಬೇಕಿತ್ತು. ಕೋವಿಡ್ ಹೋಯಿತು, ಅಭ್ಯಾಸ ಉಳಿಯಿತು. ಮಸುಕು ಗಾಜು ಕಂಡ ಕೂಡಲೇ 'ವೈರಲ್ ನಿಮೋನಿಯಾ' ಎಂದು ಸ್ಟೀರಾಯ್ಡ್ ಕೊಡುವ ಕೈ ಈಗಲೂ ತಾನಾಗಿಯೇ ಏಳುತ್ತದೆ.

ಸಿಟಿ ಕೋಣೆಯ ಒಂದು ದೃಶ್ಯವನ್ನು ಮಾತ್ರ ನಾನು ಮರೆಯಲಾರೆ. ಎದೆಯ ಸಿಟಿಗೆ ರೋಗಿಯನ್ನು ಮಲಗಿಸಿ ಎರಡೂ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸುತ್ತಾರೆ. ಆಗ ಕಂಕುಳು ಪೂರ್ತಿ ತೆರೆದುಕೊಳ್ಳುತ್ತದೆ. ಗಂಡಸರಲ್ಲಿ ಈ ಹಕ್ಕಳೆಗೆ ತೊಡೆಸಂದು, ಜನನಾಂಗದ ಸುತ್ತ ಬಿಟ್ಟರೆ ಪ್ರಿಯವಾದ ಜಾಗ ಅದೇ. ಒಬ್ಬ ಮೇಸ್ತ್ರಿಯ ಬಲಗಂಕುಳಿನಲ್ಲಿ ಅದು ಮೇಲಿನ ದೀಪಕ್ಕೆ ಮುಖ ಮಾಡಿ ಕೂತಿತ್ತು. ಕೋಣೆಯಲ್ಲಿದ್ದ ನಾವು ಮೂವರು ಗಾಜಿನ ಈಚೆ ಪರದೆಯನ್ನು ನೋಡುತ್ತಿದ್ದೆವು. ವರದಿಯಲ್ಲಿ 'ಬಲಗಂಕುಳಿನಲ್ಲಿ ಗಡ್ಡೆಗಳು ದೊಡ್ಡದಾಗಿವೆ' ಎಂದು ಬಂತು. ಕಂಕುಳಿಗೆ ಕೈ ಹೋದದ್ದು ಆ ಸಾಲು ಓದಿದ ಮೇಲೆ.

ನನ್ನ ವಾದಕ್ಕೆ ಎದುರಾಗಿ ಬರುವ ಮಾತುಗಳು ದುರ್ಬಲವಲ್ಲ. ಸ್ನೇಹಿತರೇ ಹೇಳುತ್ತಾರೆ, ಜಗಳವಾಡಿ ಹೇಳುತ್ತಾರೆ.

ಮೊದಲನೆಯದು ಬಲು ಗಟ್ಟಿ: ಸ್ಕ್ರಬ್‌ನಲ್ಲಿ ಜನ ಸಾಯುವುದೇ ಶ್ವಾಸಕೋಶ ಕೈಕೊಟ್ಟು, ಹಾಗಿರುವಾಗ ಎದೆಯ ಚಿತ್ರವನ್ನು ಹೀಗಳೆಯುತ್ತೀಯಲ್ಲ? ಅವರ ಕೈಯಲ್ಲಿ ಪುರಾವೆಯೂ ಇದೆ. ವೆಲ್ಲೂರಿನ ಸಿಎಂಸಿಯವರ ಮುಂದಾಳತ್ವದಲ್ಲಿ ಭಾರತದ ಹಲವು ಆಸ್ಪತ್ರೆಗಳು ಸೇರಿ ತೀವ್ರ ಸ್ಕ್ರಬ್ ಟೈಫಸ್‌ನ ಸುಮಾರು 800 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಆ ರೋಗಿಗಳಲ್ಲಿ ಶೇ. 62 ಮಂದಿಗೆ ಉಸಿರಾಟದ ತೊಡಕಿತ್ತು. ಯಕೃತ್ತು, ಹೃದಯ, ಮೂತ್ರಪಿಂಡ, ಮಿದುಳು ಎಲ್ಲ ಅದರ ಹಿಂದೆ. ಒಪ್ಪಿದೆ. ಆದರೆ ಈ ಅಂಕಿಯನ್ನು ನಾನು ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ಶ್ವಾಸಕೋಶ ಅಷ್ಟು ಸಲ ಕೆಡುತ್ತದೆ ಎಂದರೆ, ಸ್ಕ್ರಬ್ ರೋಗಿ ನಿಮೋನಿಯಾದ ವೇಷದಲ್ಲಿ ಬರುವುದೂ ಅಷ್ಟೇ ಸಲ. ಆ ಪ್ರಯೋಗದವರಿಗೆ ರೋಗ ಯಾವುದೆಂದು ಗೊತ್ತಾದ ಮೇಲೆ ಶ್ವಾಸಕೋಶ ಎಷ್ಟು ಕೆಟ್ಟಿದೆ ಎಂಬ ಎಣಿಕೆ. ನಮ್ಮ ವಾರ್ಡಿನಲ್ಲಿ ಮೊದಲು ಫಿಲ್ಮು, ಅದರಿಂದ ಹೆಸರು. ಬಂಡಿಯ ಹಿಂದೆ ಎತ್ತು ಕಟ್ಟಿದ ಹಾಗೆ.

ಎಷ್ಟು ಕೆಟ್ಟಿದೆ ಎಂದು ತಿಳಿಯುವುದಕ್ಕೂ ಫಿಲ್ಮು ಮೊದಲ ಸಾಧನ ಅಲ್ಲ. ಮೊದಲ ವಾರದಲ್ಲಿ ಬಹಳ ಸಲ ಅದು ಸ್ವಚ್ಛವಾಗಿಯೇ ಇರುತ್ತದೆ. 'ಎದೆ ಕ್ಲಿಯರ್ ಇದೆ, ಭಯವಿಲ್ಲ' ಎಂದು ಮನೆಗೆ ಕಳಿಸಿದವರು ಎರಡನೇ ವಾರ ಆಂಬುಲೆನ್ಸಿನಲ್ಲಿ ಬರುತ್ತಾರೆ. ಅತ್ತ ಗುಣವಾಗುವಾಗಲೂ ಅದು ನಿಧಾನ. ನನ್ನ ಆ ಹೆಂಗಸು ಎದ್ದು ಕಾರಿಡಾರಿನಲ್ಲಿ ಓಡಾಡಿಕೊಂಡಿದ್ದಾಗಲೂ ಫಿಲ್ಮು ಹಳೇ ರಾಗವನ್ನೇ ಹಾಡುತ್ತಿತ್ತು. ಉಸಿರನ್ನು ಒಂದು ಪೂರ್ತಿ ನಿಮಿಷ ಎಣಿಸಿ, ಬೆರಳಿಗೆ ಆಕ್ಸಿಮೀಟರ್ ಹಾಕಿ. ಫಿಲ್ಮಿಗಿಂತ ಮೊದಲು ಸುದ್ದಿ ಸಿಗುತ್ತದೆ. ಆದರೆ ಎಣಿಸುವವರು ಯಾರು? ಯಾವ ಆಸ್ಪತ್ರೆಯ ಕೇಸ್‌ಶೀಟನ್ನಾದರೂ ತೆರೆದು ನೋಡಿ, ಎಲ್ಲರ ಉಸಿರೂ ನಿಮಿಷಕ್ಕೆ ಇಪ್ಪತ್ತು. ಸಾಯುವ ಹಿಂದಿನ ದಿನವೂ ಇಪ್ಪತ್ತು. ಫಿಲ್ಮಿಗೆ ಹಣ ಕೊಡುವ ಪದ್ಧತಿಯಿದೆ, ಉಸಿರೆಣಿಸುವುದಕ್ಕೆ ಬಿಲ್ಲಿನಲ್ಲಿ ಕಾಲಮ್ಮೇ ಇಲ್ಲ.

ಎರಡನೆಯ ವಾದ ಜಾಣತನದ್ದು. ನಿಮೋನಿಯಾ ಎಂದು ತಪ್ಪು ತಿಳಿದರೂ ನಷ್ಟವೇನು, ಸೆಫ್ಟ್ರಿಯಾಕ್ಸೋನ್ ಜೊತೆ ಅಜಿಥ್ರೊಮೈಸಿನ್ ಹೇಗೂ ಕೊಡುತ್ತೇವಲ್ಲ, ಅದು ಸ್ಕ್ರಬ್‌ಗೂ ತಾಗುತ್ತದೆ ಎನ್ನುತ್ತಾರೆ. ತಾಗುತ್ತದೆ, ನಿಜ. ಎಷ್ಟೋ ಸ್ಕ್ರಬ್ ರೋಗಿಗಳು ಹೀಗೆ ಹೆಸರಿಲ್ಲದೆ ಗುಣವಾಗಿ ಹೋಗುತ್ತಾರೆ, ಕೀರ್ತಿ ಸೆಫ್ಟ್ರಿಯಾಕ್ಸೋನ್‌ಗೆ ಸಲ್ಲುತ್ತದೆ. ಕುರುಡನ ಕೈಗೆ ಸಿಕ್ಕ ಕಾಸು. ಆದರೆ ಅಜಿಥ್ರೊವನ್ನು ಮೂರು ದಿನಕ್ಕೆ ನಿಲ್ಲಿಸಿ 'ಸ್ಟ್ರಾಂಗ್ ಆ್ಯಂಟಿಬಯೋಟಿಕ್' ಎಂದು ಮೆರೊಪೆನೆಮ್‌ಗೆ ಹೋದರೆ? ಸೆಫ್ಟ್ರಿಯಾಕ್ಸೋನ್‌ನಿಂದ ಮೆರೊಪೆನೆಮ್‌ವರೆಗೆ ಆ ಕುಟುಂಬದ ಔಷಧಿಗಳು ಯಾವುದೂ ಕೋಶದೊಳಗೆ ಅವಿತ ಈ ಕ್ರಿಮಿಯನ್ನು ಮುಟ್ಟುವುದಿಲ್ಲ. ಅಜಿಥ್ರೊ ಬದಲು ಲಿವೋಫ್ಲಾಕ್ಸಾಸಿನ್ ಹಾಕಿದ್ದರೆ, ನಾನು ಹಾಕಿದ ಹಾಗೆ, ಅದನ್ನು ನಂಬುವಂತಿಲ್ಲ. ಆ ಔಷಧಿ ಹೊಡೆಯಬೇಕಾದ ಜಾಗ ಒರಿಯೆಂಟಿಯಾದಲ್ಲಿ ಹುಟ್ಟಿನಿಂದಲೇ ಬೇರೆ ಥರ ಇದೆ. ತೀವ್ರ ಸ್ಥಿತಿ ತಲುಪಿದವರಿಗಂತೂ ಒಂದೇ ಔಷಧಿ ಸಾಲದು ಎಂಬುದು ಆ 2023ರ ಪ್ರಯೋಗದ ಪಾಠ: ಡಾಕ್ಸಿ ಅಜಿಥ್ರೊ ಎರಡನ್ನೂ ನರಕ್ಕೆ ಕೊಟ್ಟ ಗುಂಪಿನಲ್ಲಿ ಸಾವು, ಬಿಡದ ಜ್ವರ, ಹಟ ಹಿಡಿದ ತೊಡಕುಗಳನ್ನು ಒಟ್ಟು ಸೇರಿಸಿದರೆ ಶೇ. 33, ಡಾಕ್ಸಿ ಮಾತ್ರ ಕೊಟ್ಟಲ್ಲಿ 47, ಅಜಿಥ್ರೊ ಮಾತ್ರ ಕೊಟ್ಟಲ್ಲಿ 48. ಸಾವನ್ನು ಮಾತ್ರ ಬೇರೆಯಾಗಿ ಎಣಿಸಿದರೆ ಮೂರು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಸಿಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಏನೇ ಆದರೂ ಹೆಸರು ಗೊತ್ತಿಲ್ಲದವನು ಎರಡನ್ನೂ ಕೂಡಿಸಿ ಏಳು ದಿನ ಕೊಡುವುದಿಲ್ಲ.

ಇನ್ನೂ ಒಂದಿದೆ. ಹೆಸರಿಲ್ಲದೆ ಗುಣವಾದವರು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದೇ ಬೇಣದಲ್ಲಿ ಹುಲ್ಲು ಕೊಯ್ಯುವ ಪಕ್ಕದ ಮನೆಯವರಿಗೆ ಯಾರೂ ಹೇಳುವುದಿಲ್ಲ. ಮಂಗನ ಕಾಯಿಲೆಗೆ ಮಂಗ ಸತ್ತರೆ ಊರಿಗೆ ಸುದ್ದಿಯಾಗುತ್ತದೆ, ಉಣ್ಣೆಯ ಬಗ್ಗೆ ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳುತ್ತಾಳೆ. ಈ ನುಸಿಗೆ ಆ ಭಾಗ್ಯವಿಲ್ಲ. ಪ್ರತಿ ಊರಿನಲ್ಲೂ ಮೊದಲ ರೋಗಿ, ಪ್ರತಿ ವರ್ಷವೂ ಹೊಸ ರೋಗ.

ಫಿಲ್ಮು ಕೊಟ್ಟ ತಪ್ಪು ಹೆಸರು ಗುಣವಾದ ಮೇಲೆ ಸತ್ಯವೇ ಆಗಿಬಿಡುವ ಚೋದ್ಯವೊಂದಿದೆ. ಚುಕ್ಕಿಚುಕ್ಕಿ ಫಿಲ್ಮು ನೋಡಿ ಮಿಲಿಯರಿ ಟಿಬಿ ಎಂದು ತೀರ್ಮಾನಿಸಿ ಟಿಬಿ ಔಷಧಿ ಶುರು ಮಾಡುತ್ತೇವೆ. ಅದರಲ್ಲಿ ರಿಫಾಂಪಿಸಿನ್ ಇದೆ. ರಿಫಾಂಪಿಸಿನ್ ಸ್ಕ್ರಬ್ ಟೈಫಸ್‌ಗೂ ಕೆಲಸ ಮಾಡುತ್ತದೆಂದು ಉತ್ತರ ಥಾಯ್ಲೆಂಡಿನಲ್ಲಿ ನಡೆದ ಪ್ರಯೋಗ 2000ದಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಜ್ವರ ಇಳಿಯುತ್ತದೆ, ಫಿಲ್ಮು ತಿಳಿಯಾಗುತ್ತದೆ. 'ನೋಡಿ, ಟಿಬಿಯೇ' ಎಂದು ಬೆನ್ನು ತಟ್ಟಿಕೊಳ್ಳುತ್ತೇವೆ. ಒಂದು ವಾರದ ರೋಗಕ್ಕೆ ಆರು ತಿಂಗಳ ಮಾತ್ರೆ, ಜೊತೆಗೆ ಮದುವೆಗೆ ಬಂದ ಮಗಳಿದ್ದರೆ ಆ ಮನೆಯ ಬಾಗಿಲಿಗೆ ಒಂದು ಮುದ್ರೆ.

ಮೂರನೆಯ ವಾದ: ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲವಲ್ಲ. ಇರುವುದಿಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಆ ಅಂಕಿ ಹತ್ತರ ಕೆಳಗಿಂದ ತೊಂಬತ್ತರ ಮೇಲಿನವರೆಗೂ ಓಡಾಡುತ್ತದೆ. ಇಷ್ಟು ಓಡಾಟಕ್ಕೆ ಕ್ರಿಮಿಯ ತಳಿ, ಚರ್ಮದ ಬಣ್ಣ ಇವೆಲ್ಲ ಕಾರಣವಿರಬಹುದು. ಹುಡುಕಿದವರ ಶ್ರದ್ಧೆಯೂ ಒಂದು ಕಾರಣ ಎಂದು ನನ್ನ ಗುಮಾನಿ. ನಮ್ಮ ಕಪ್ಪು ಚರ್ಮದ ಮೇಲೆ ಕಪ್ಪು ಹಕ್ಕಳೆ ಹುಡುಕುವುದು ಕಷ್ಟ. ಬೆವರುವ ಸಂದಿಯಲ್ಲಿ ಹಕ್ಕಳೆ ಉದುರಿ ಬರೀ ಹಳದಿ ಹುಣ್ಣು ಉಳಿದಿರುತ್ತದೆ. ಹೆಂಗಸರಲ್ಲಿ ಸ್ತನದ ಅಡಿ, ಹೊಟ್ಟೆ, ಸೊಂಟ. ಗಂಡು ಡಾಕ್ಟರು ಅಲ್ಲಿ ನೋಡಲು ಹಿಂಜರಿಯುತ್ತಾನೆ, ರೋಗಿ ತೋರಿಸಲು ಹಿಂಜರಿಯುತ್ತಾರೆ, ಎಂಟು ಹಾಸಿಗೆಯ ವಾರ್ಡಿಗೆ ಒಂದೇ ಪರದೆ. ಎಕ್ಸ್‌ರೇ ನಮಗೆ ಅಷ್ಟು ಪ್ರಿಯವಾಗಿರುವುದು ಯಾಕೆಂದರೆ ಅದು ಯಾರ ಬಟ್ಟೆಯನ್ನೂ ಸರಿಸದೆ ಒಳಗೆ ನೋಡಿದ ಸಮಾಧಾನ ಕೊಡುತ್ತದೆ. ಈ ಸಂಕೋಚಕ್ಕೆ ಮದ್ದು ಒಬ್ಬ ನರ್ಸ್, ಒಂದು ಪರದೆ, ಐದು ನಿಮಿಷ.

ಹುಡುಕಿಯೂ ಸಿಗದಿದ್ದರೆ? ಆಗ ಕೇಳಬೇಕು. ಐದು ದಿನ ದಾಟಿದ ಜ್ವರ, ಮಳೆ ಕಡಿಮೆಯಾಗುತ್ತ ಬಂದ ಕಾಲ, ಪೊದೆ ಹುಲ್ಲಿನ ಒಡನಾಟ, ತಲೆನೋವು, ಊದಿದ ಗಡ್ಡೆ, ಪ್ಲೇಟ್ಲೆಟ್ ಇಳಿದು ಲಿವರ್ ಕಿಣ್ವ ಏರಿದ್ದು. ಇಷ್ಟು ಕೂಡಿದರೆ ಡಾಕ್ಸಿ ಶುರು ಮಾಡಲು ಯಾರ ಅಪ್ಪಣೆ ಬೇಕು? ಐಸಿಎಂಆರ್ ಮತ್ತು ಆರೋಗ್ಯ ಸಂಶೋಧನಾ ಇಲಾಖೆ ಸೇರಿ 2015ರಲ್ಲೇ ಹೊರಡಿಸಿದ ಮಾರ್ಗಸೂಚಿ, ಲ್ಯಾಬ್ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಿ ಎನ್ನುತ್ತದೆ. ಐಜಿಎಂ ಎಲೈಸಾ ಪಾಸಿಟಿವ್ ಆಗುವುದೇ ಸುಮಾರು ಒಂದು ವಾರಕ್ಕೆ; ಹಳೆಯ ವೀಲ್-ಫೆಲಿಕ್ಸ್ ಪರೀಕ್ಷೆ ನೆಗೆಟಿವ್ ಬಂದರೆ ಅದಕ್ಕೆ ಅರ್ಥವೇ ಇಲ್ಲ. ಗರ್ಭಿಣಿಯಾದರೆ ಅಜಿಥ್ರೊ. 'ಹೀಗೆ ಸಿಕ್ಕವರಿಗೆಲ್ಲ ಡಾಕ್ಸಿ ಕೊಟ್ಟರೆ ರೆಸಿಸ್ಟೆನ್ಸ್ ಬರುತ್ತದಲ್ಲ' ಎಂದು ಒಬ್ಬರು ನನ್ನನ್ನು ಗದರಿದರು. ಅವರ ರೋಗಿಗೆ ಆಗ ಮೆರೊಪೆನೆಮ್‌ನ ಆರನೇ ದಿನ ನಡೆಯುತ್ತಿತ್ತು.

ಇದು ಎದೆಯೊಂದರ ಕಥೆಯೂ ಅಲ್ಲ. ಈ ಜ್ವರ ಯಾವ ತಜ್ಞನ ಮುಂದೆ ಹೋದರೆ ಅವನ ಅಂಗದ ವೇಷ ತೊಡುತ್ತದೆ. ಗೋರಖ್‌ಪುರದ ಮಕ್ಕಳ ಮಿದುಳುಜ್ವರಕ್ಕೆ ವರ್ಷಗಟ್ಟಲೆ ಜಪಾನೀಸ್ ಎನ್ಸೆಫಲೈಟಿಸನ್ನೇ ದೂರಿದರು. ಹುಡುಕತೊಡಗಿದ ಮೇಲೆ ಆ ಮಳೆಗಾಲದ ಮಕ್ಕಳಲ್ಲಿ ದೊಡ್ಡ ಪಾಲಿನವರಲ್ಲಿ ಸ್ಕ್ರಬ್ ಟೈಫಸ್ ಸಿಕ್ಕಿತು. ಹೊಟ್ಟೆಯ ಸ್ಕ್ಯಾನಿನಲ್ಲಿ ಪಿತ್ತಕೋಶದ ಗೋಡೆ ದಪ್ಪ ಕಂಡು ಸರ್ಜನ್ನರಿಗೆ ಕರೆ ಹೋಗುವುದುಂಟು. ಅಲ್ಲೂ ಒಸರುವ ನಾಳ, ತೇವ ಏರಿದ ಗೋಡೆ, ಇನ್ನೊಂದು ಕೋಣೆ ಅಷ್ಟೇ. ಎಕ್ಸ್‌ರೇ ಓದುವ ಕಂಪ್ಯೂಟರ್ ತಂತ್ರಾಂಶಗಳು ಟಿಬಿ ಹುಡುಕಲೆಂದು ಹಳ್ಳಿಗಳಿಗೂ ಬರತೊಡಗಿವೆ. ಟಿಬಿಯ ಮಟ್ಟಿಗೆ ಅವುಗಳ ಉಪಯೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಒಪ್ಪಿದೆ. ಆದರೆ ಅವೂ ನೋಡುವುದು ಅದೇ ನೆರಳನ್ನು. ಮನುಷ್ಯ ಬರೆಯುತ್ತಿದ್ದ ಕೊನೆಯ ಸಾಲನ್ನು ಅವು ಬರೆಯುತ್ತವೋ ಇಲ್ಲವೋ.

ಫಿಲ್ಮು ಬೇಡವೇ ಬೇಡ ಎಂದು ಯಾರಾದರೂ ನನ್ನ ಬಾಯಲ್ಲಿ ಹಾಕಿದರೆ ನಾನು ಒಪ್ಪುವುದಿಲ್ಲ. ಏದುಸಿರಿನವರಿಗೆ ಬೇಕು. ಎದೆಯಲ್ಲಿ ನೀರು ಎಷ್ಟಿದೆ, ವೆಂಟಿಲೇಟರಿಗೆ ಹಾಕಿದ ಕೊಳವೆ ಎಲ್ಲಿ ಕೂತಿದೆ ಎಂದು ನೋಡಲು ಬೇಕು. ನನಗೆ ಬೇಕಿರುವುದು ಸರದಿ ಬದಲಾಗುವುದು, ಮತ್ತೆ ಎಕ್ಸ್‌ರೇ ಚೀಟಿ ತುಂಬುವುದು. ನಮ್ಮ ಚೀಟಿಯಲ್ಲಿ 'ಕ್ಲಿನಿಕಲ್ ಡೀಟೇಲ್ಸ್' ಎಂಬ ಖಾನೆಯಿದೆ. ಅಲ್ಲಿ ಎ, ಎಫ್, ಐ (ಅಕ್ಯೂಟ್ ಫೆಬ್ರೈಲ್ ಇಲ್‌ನೆಸ್) ಎಂಬ ಮೂರಕ್ಷರ, ಇಲ್ಲವೇ 'ಜ್ವರ'. ರೇಡಿಯಾಲಜಿಸ್ಟ್ ಏನು ಜ್ಯೋತಿಷಿಯೇ? 'ಎಂಟು ದಿನದ ಜ್ವರ, ಹುಲ್ಲು ಕೊಯ್ಯುವವರು, ಸೊಂಟದಲ್ಲಿ ಹಕ್ಕಳೆ ಇದೆ' ಎಂದು ಬರೆದು ಕಳಿಸಿದ ದಿನ ನಮ್ಮ ರೇಡಿಯಾಲಜಿಸ್ಟ್ ಫೋನು ಮಾಡಿದರು. ವರದಿಯಲ್ಲಿ ಕೊನೆಯ ಸಾಲು ಇರಲಿಲ್ಲ. "ನೀವೇ ಮಾಡಿಬಿಟ್ಟಿದೀರಲ್ಲ" ಎಂದರು.

ಆ ಆಯಾ ಈಗಲೂ ನಮ್ಮಲ್ಲಿದ್ದಾಳೆ. ಜ್ವರದವರು ದಾಖಲಾದರೆ ಮೈ ಒರೆಸುವ ನೆಪದಲ್ಲಿ ಸಂದಿಗೊಂದಿಯೆಲ್ಲ ನೋಡಿಕೊಂಡು ಬಂದು 'ಇದೆ', 'ಇಲ್ಲ' ಎಂದು ನನಗೆ ವರದಿ ಒಪ್ಪಿಸುತ್ತಾಳೆ. ಪ್ರಶ್ನಾರ್ಥಕ ಚಿಹ್ನೆ ಇರುವುದಿಲ್ಲ.

ಹುಲ್ಲು ಕೊಯ್ಯುವ ಆ ಹೆಂಗಸು ಡಿಸ್ಚಾರ್ಜ್ ಆಗಿ ಹೊರಟಾಗ ಫಿಲ್ಮುಗಳ ದೊಡ್ಡ ಲಕೋಟೆಯನ್ನು ಮೊಮ್ಮಗ ಬಗಲಿಗೆ ಇರುಕಿಕೊಂಡಿದ್ದ. ಇದನ್ನು ಇಟ್ಟುಕೊಳ್ಳಬೇಕಾ ಎಂದು ಅವನು ಕೇಳಿದ. ಬೇಕಾಗಿಲ್ಲ ಎಂದೆ. "ಹಂಗಾರೆ ಗ್ರಹಣ ನೋಡಕ್ಕಾತದೆ" ಎಂದ. ಅದಕ್ಕೂ ಆಗುವುದಿಲ್ಲ ಕಣೋ, ಕಣ್ಣು ಹೋಗುತ್ತದೆ ಎಂದು ಅವನಿಗೆ ಹೇಳುವಷ್ಟರಲ್ಲಿ ಬಸ್ಸು ಬಂತು.